ರುಖವತಕ್ಕೊಂದು ಒಂಟಿಗಾಲಿನ ಗಿಳಿ

…ಅಥವಾ ಗಿಳಿ ಹಾಕುತ್ತೇನೆಂದು ಮೊದಲು ಬಾಯಿಬಿಟ್ಟವನು ನಾನೇ ಇರಬಹುದು. ಅಕ್ಕ ಹಾಗೆನ್ನುತ್ತಾಳೆ. ನನ್ನ ನೆನಪಿನಲ್ಲಾದರೋ ನಾನು ಕಿಟಕಿಯ ಬಳಿ ನಿರುಪದ್ರವಿಯಾಗಿ ಪತ್ರಿಕೆ ಓದುತ್ತ ಕುಳಿತಿದ್ದೆ. ಅವಳು ಬಂದು ಚೀಲವೊಂದನ್ನು ನನ್ನ ತೊಡೆಯ ಮೇಲೆ ಒಗೆದು, ಕೋರ್ಟಿನ ಸಮನ್ಸು ಜಾರಿ ಮಾಡಿದವರಂತೆ ಹಿಂತಿರುಗಿಯೂ ನೋಡದೆ ಒಳಗೆ ಹೋದಳು. ಈ ಚಿತ್ರ ಎಷ್ಟು ಸ್ಪಷ್ಟವೆಂದರೆ ಕಿಟಕಿಯಾಚೆಯ ಬೇವಿನ ಮರದಲ್ಲಿ ಎಲೆ ಅಲುಗುವುದೂ ಕಾಣುತ್ತದೆ. ತೊಂದರೆ ಇರುವುದು ಅಲ್ಲೇ. ಆ ಬೇವಿನ ಮರವನ್ನು ರಸ್ತೆ ಅಗಲ ಮಾಡುವವರು ಅದಕ್ಕೂ ಎಷ್ಟೋ ಮೊದಲೇ ಕಡಿದು ಒಯ್ದಿದ್ದರು. ಇಲ್ಲದ ಮರಕ್ಕೆ ಎಲೆ ಹಚ್ಚಿ, ಆ ಎಲೆಗೆ ಗಾಳಿಯನ್ನೂ ಬೀಸುವಷ್ಟು ಉದಾರವಾದ ನೆನಪು, ನನ್ನನ್ನು ನಿರಪರಾಧಿಯೆಂದು ಸಾರುವಾಗ ಮಾತ್ರ ಸತ್ಯಸಂಧವಾಗಿತ್ತೆಂದು ಹೇಗೆ ನಂಬಲಿ? ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಸಾಕ್ಷಿ ಎಷ್ಟು ನುಣುಪಾಗಿದೆಯೋ ಅಷ್ಟು ಅನುಮಾನಿಸಬೇಕೆಂದು ಹುಡುಗರಿಗೆ ಹೇಳುತ್ತಿದ್ದೆ. ಅವರು ಅನುಮಾನಿಸಿದ್ದು ನನ್ನ ಪಾಠವನ್ನು ಮಾತ್ರ.

ಖಚಿತವಾಗಿ ಹೇಳಬಲ್ಲದ್ದೆಂದರೆ ಸೂಜಿಯ ಸಂಗತಿ. ಜಾಳಿಯಂಥ ಕ್ಯಾನ್ವಾಸಿನ ಮೇಲೆ ಉಲನ್ ದಾರದಿಂದ ಚಿತ್ರ ತುಂಬುವ ಈ ಕಸುಬನ್ನು ನೀವೂ ಕಂಡಿರುತ್ತೀರಿ. ಯಾರದೋ ಮನೆಯ ಪಡಸಾಲೆಯಲ್ಲಿ ಎರಡು ಹಂಸ ಎದುರುಬದುರಾಗಿ ಕುಳಿತು 'ಸುಸ್ವಾಗತ' ಎನ್ನುತ್ತಿರುತ್ತವಲ್ಲ, ಅದು. ಅದಕ್ಕೆ ಬಳಸುವ ಸೂಜಿಯ ಮೂತಿ ಮೊಂಡು, ಕಣ್ಣು ದೊಡ್ಡದು. ಒಳ್ಳೆಯ ವಿಮರ್ಶಕನ ಲಕ್ಷಣವೂ ಇದೇ ಎಂದು ನನಗೆ ಮೊದಲ ದಿನ ಅನ್ನಿಸಿತ್ತು. ಮೊಂಡು ಸೂಜಿ ಚುಚ್ಚುವುದಿಲ್ಲವೆಂದು ಅಂಗಡಿಯವನು ಆಣೆ ಮಾಡಿ ಹೇಳಿದ. ಬಟ್ಟೆಯ ಮಟ್ಟಿಗೆ ಅದು ನಿಜ. ನನ್ನ ಹೆಬ್ಬೆರಳಿನ ಅನುಭವ ಬೇರೆ.

ಇಷ್ಟಕ್ಕೂ ಒಂದು ಗಿಳಿಯ ಅಗತ್ಯ ನಮ್ಮ ಮನೆಗೇಕೆ ಬಿತ್ತು ಎಂಬುದನ್ನು ಹೇಳಬೇಕು. ಅಕ್ಕ ಗಿರಿಜಕ್ಕನ ಮಗಳು ಶೈಲಾ ಪಶುವೈದ್ಯೆ. ಸವದತ್ತಿ ಕಡೆಯ ಹಳ್ಳಿಯೊಂದರ ದನದ ದವಾಖಾನೆಯಲ್ಲಿ ಅವಳ ನೌಕರಿ. ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ತಿರುಗಿಸಬಲ್ಲ ಈ ಹುಡುಗಿಯನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬಂದರು. ಹುಡುಗ ಬಸವರಾಜ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು, ಒಳ್ಳೆಯವನು, ಮಿತಭಾಷಿ. ಮಿತಭಾಷಿಯಾಗಲು ಕಾರಣ ಅವನ ಪಕ್ಕದಲ್ಲೇ ಕುಳಿತಿತ್ತು: ನೀಲವ್ವಜ್ಜಿ, ಅವನ ತಂದೆಯ ತಾಯಿ. ಆ ಮನೆಯಲ್ಲಿ ಅಜ್ಜಿ ಹೂಂ ಅಂದದ್ದಷ್ಟೇ ಹೂಂ. ನೇಕಾರರ ಮನೆತನದ ಹೆಣ್ಣುಮಗಳು. ಕೊಟ್ಟ ಚಹಾಕ್ಕಿಂತ ಮೊದಲು ಟೀಪಾಯಿಯ ಮೇಲಿನ ವಸ್ತ್ರದ ಅಂಚು ಮಗುಚಿ ನೋಡಿದಳು.

"ದನದ ಡಾಕ್ಟರಕಿ ಅಂದ್ರ ದವಾಖಾನಿ ಕೆಲಸ ಬಂತು, ತಿಳೀತು. ಮನ್ಯಾಗ ಕೈಕೆಲಸ ಏನರೆ ಬರತೈತೇನವಾ?" ಎಂದಳು ಅಜ್ಜಿ.

ಶೈಲಾ ಉತ್ತರಿಸಲೆಂದು ಬಾಯಿ ತೆರೆದಳು. ಆದರೆ ಆ ಬಾಯಿಂದ ಏನು ಬರುತ್ತದೆಂದು ಹೆತ್ತ ತಾಯಿಗೆ ಗೊತ್ತಿತ್ತು.

"ಅಯ್ಯ, ಬರದ ಏನ್ರಿ!" ಎಂದು ಅಕ್ಕ ನಡುವೆ ಜಿಗಿದಳು. "ಕ್ಯಾನ್ವಾಸ್ ಮ್ಯಾಲ ಉಲನ್‌ಲೆ ಗಿಳಿ ಹಾಕತಾಳ್ರಿ ನಮ್ಮ ಹುಡುಗಿ. ಒಮ್ಮಿ ಕುಂತ್ಲಂದ್ರ ಊಟದ ಖಬರ ಇರಂಗಿಲ್ಲ."

"ಗಿಳಿ?"

"ಗಿಳಿನ್ರಿ. ಹಸರ ಗಿಳಿ."

"ಹಂಗಾರ ರುಖವತದಾಗ ನೋಡೂಣು ಬಿಡ್ರಿ," ಎಂದು ಅಜ್ಜಿ ಚಹಾದ ಬಟ್ಟಲೆತ್ತಿಕೊಂಡಳು.

ರುಖವತವೆಂದರೆ ಮದುವೆಯ ಮಂಟಪದ ಒಂದು ಬದಿಗೆ ಹೆಣ್ಣಿನ ಕಡೆಯವರು ಹೂಡುವ ಪ್ರದರ್ಶನ. ಮರಾಠಿ ಸೀಮೆಯಿಂದ ಬಂದ ಪದ್ಧತಿ. ಬಂದದ್ದು ನಮ್ಮ ಬೆಳಗಾವಿ ಕಡೆ ಬೀಗರಂತೆ ಕಾಲು ಚಾಚಿ ಉಳಿದುಬಿಟ್ಟಿದೆ. ಉದ್ದನೆಯ ಮೇಜು, ಮೇಜಿನ ತುಂಬ ಚಕ್ಕುಲಿಯ ಗೋಪುರ, ಕರ್ಚಿಕಾಯಿಯ ಕೋಟೆ, ಅಡಿಕೆಗೆ ಬಣ್ಣ ಬಳಿದು ಮಾಡಿದ ಗಂಡ ಹೆಂಡತಿ, ಕಸೂತಿ, ಹೆಣಿಗೆ. ಎಲ್ಲವೂ ಮದುಮಗಳ ಕೈಯಿಂದಲೇ ಆದದ್ದೆಂದು ಹೆಣ್ಣಿನವರು ಹೇಳಬೇಕು, ಗಂಡಿನವರು ನಂಬಿದಂತೆ ತೋರಬೇಕು. ಈ ಪರಸ್ಪರ ಸೌಜನ್ಯದ ಮೇಲೆ ಎಷ್ಟೋ ಸಂಸಾರಗಳು ನಿಂತಿವೆ.

ಬೀಗರ ಜೀಪು ತಿರುವು ದಾಟಿತೋ ಇಲ್ಲವೋ, ಶೈಲಾ ಕಿಡಿಯಾದಳು. "ಅವ್ವಾ, ನಾ ಯಾವಾಗ ಗಿಳಿ ಹಾಕೇನಿ? ಗಿಳಿಗೆ ಇಂಜೆಕ್ಷನ್ ಮಾಡೇನಿ, ಗಿಳಿ ಹಾಕಿಲ್ಲ."

"ಒಂದ ಗಿಳಿ ಮಾತಿಗೆ ಇಷ್ಟ್ಯಾಕ ಸಿಟ್ಟು? ಎಲ್ಲಾರೂ ಹೇಳತಾರ."

"ಗಿಳಿ ಮಾತಲ್ಲ ಇದು. ಆ ಅಜ್ಜಿ ನೌಕರಿ ಬಗ್ಗೆ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಮನ್ಯಾಗ ಕುಂತ ಸೂಜಿ ಹಿಡಿಯೂ ಹುಡುಗಿ ಅಂತ ತಿಳಕೊಂಡ್ರಂದ್ರ, ನಾಳೆ ಆಕಳ ಕರಾ ಹಾಕೂ ಹೊತ್ತಿಗೆ ನನ್ನ ಕಟ್ಟಿ ಮ್ಯಾಲ ಕುಂಡ್ರಿಸಿ ಗಿಳಿ ಹಾಕು ಅಂತಾರ. ಆವಾಗ ಏನ ಮಾಡ್ಲಿ?"

ಅಕ್ಕನ ಭಯ ಬೇರೆ. ಮಗಳ ಅಂಗಿಗೆ ಸಗಣಿಯ ವಾಸನೆ ಬರುತ್ತದೆಂದು ಹಿಂದಿನ ಸಂಬಂಧಗಳು ಚಹಾ ಮುಗಿಯುವ ಮೊದಲೇ ಎದ್ದುಹೋಗಿದ್ದವು. ಈ ಹುಡುಗನನ್ನು ಶೈಲಾಳೂ ಮೆಚ್ಚಿದ್ದಳು; ಮೆಚ್ಚಿದ್ದರಿಂದಲೇ ಆ ಮನೆಗೆ ತಾನು ತಾನಾಗಿಯೇ ಹೋಗಬೇಕೆಂಬ ಹಟ ಅವಳದು, ಹೇಗಾದರೂ ಹೋಗಲಿ ಎಂಬ ಹಟ ತಾಯಿಯದು. ಕೊನೆಗೆ ಶೈಲಾ ಹೇಳಿದಳು: "ಇಟ್ಕೋರಿ ನಿಮ್ಮ ಗಿಳಿ. ಆದ್ರ ಯಾರರೆ ನನ್ನ ಕೇಳಿದ್ರಂದ್ರ ನಾ ಸುಳ್ಳ ಹೇಳಂಗಿಲ್ಲ."

"ಯಾರ ಕೇಳತಾರ?" ಎಂದಳು ಅಕ್ಕ.

ಹೇಳಿಬಿಟ್ಟ ಸುಳ್ಳಿಗೆ ಒಂದು ವಸ್ತು ಬೇಕು. ಗಿಳಿ ಎಂದಮೇಲೆ ಗಿಳಿಯೇ ಬೇಕು. ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿದ್ದರು. ಪರಿಚಯದ ಹೆಣ್ಣುಮಕ್ಕಳಿಗೆ ಕೊಟ್ಟರೆ ಸಂಜೆಯೊಳಗೆ ಬೈಲಹೊಂಗಲದ ಎಲ್ಲ ಓಣಿಗಳಿಗೂ ಸುದ್ದಿ, ಮರುದಿನದ ಮೊದಲ ಬಸ್ಸಿಗೆ ರಾಮದುರ್ಗಕ್ಕೂ ಸುದ್ದಿ. ಸಮಾಜದಲ್ಲಿ ಸೂಜಿಯ ಸಂಶಯ ಯಾರ ಮೇಲೆ ಬರುವುದಿಲ್ಲವೋ ಅಂಥ ಒಬ್ಬ ಪ್ರಾಣಿ ಬೇಕಿತ್ತು: ಪುರುಷ, ನಿವೃತ್ತ, ಮಾಡಲು ಬೇರೇನೂ ಇಲ್ಲದವನು, ಮದುವಣಗಿತ್ತಿಗೆ ಸೋದರಮಾವ. ಇಷ್ಟು ಲಕ್ಷಣಗಳು ಒಬ್ಬನಲ್ಲೇ ಕೂಡಿರುವುದು ದೈವಯೋಗವೆಂದು ಅಕ್ಕ ಭಾವಿಸಿದಳೋ, ಪ್ರಯೋಗವೆಂದು ನಾನು ಭಾವಿಸಿದೆನೋ. ಈ ಬಿಂದುವಿನಲ್ಲೇ ನಮ್ಮಿಬ್ಬರ ಸಾಕ್ಷ್ಯ ಹೊಂದುವುದಿಲ್ಲ.

ಪ್ರಯೋಗವೆಂದರೆ ನನಗೆ ಮೊದಲಿನಿಂದಲೂ ಚಪಲ. ನಾಲ್ಕಾರು ಕಥೆ ಬರೆದಿದ್ದೇನೆ. ಒಂದರಲ್ಲಿ ಅಂತ್ಯ ಮೊದಲೇ ಬರುತ್ತದೆ, ಇನ್ನೊಂದರಲ್ಲಿ ಬರುವುದೇ ಇಲ್ಲ. ಮೊದಲನೆಯದನ್ನು ಓದಿ ಅಕ್ಕ, "ಉಂಡ ಮ್ಯಾಲ ಕೈ ತೊಳಕೊಳ್ಳೂದ ಕಂಡೇನಿ, ಉಣ್ಣದನ ಕೈ ತೊಳಕೊಂಡ ಮನಿಗೆ ಹೋಗೂದ ನಿನ್ನ ಕಥ್ಯಾಗ ಕಂಡೆ" ಎಂದಿದ್ದಳು. ಅಂಥವನ ಕೈಗೆ ಪಡಿಯಚ್ಚಿನ ಗಿಳಿ ಬಂದರೆ ಏನಾಗಬೇಕು? ಎರಡೂ ಕಣ್ಣು ಒಂದೇ ಕೆನ್ನೆಗೆ ಬರುವಂತೆ, ಕೊಕ್ಕು ಒಂದು ಚೌಕವಾಗಿ, ಬಾಲ ಬೇರೆ ದಿಕ್ಕಿನ ಬೇರೆ ಹಕ್ಕಿಯದಾಗಿ ಹಾಕಿದರೆ ಹೇಗೆಂದು ನಾನು ಕೇಳಿದೆ. ಕಪ್ಪು ಕನ್ನಡಕ ನನ್ನತ್ತ ತಿರುಗಿತು. ಅದರ ಹಿಂದಿನ ಕಣ್ಣು ಕಾಣಲಿಲ್ಲ. ಕಾಣುವ ಅಗತ್ಯ ಬೀಳಲಿಲ್ಲ.

ಉಲನ್ ತರಲು ಬಜಾರಿಗೆ ಹೋದಾಗ ಅಂಗಡಿಯವನು, "ಅಕ್ಕಾರಿಗೇನ್ರಿ ಸರ?" ಎಂದ. ಹೌದೆಂದೆ. ಒಂದು ಸುಳ್ಳನ್ನು ಸಾಕಲು ಇನ್ನೊಂದು ಸುಳ್ಳು ಮೇವು. ಹಸಿರಿನಲ್ಲಿ ಅವನು ಇಷ್ಟೊಂದು ಬಗೆ ತೆರೆದಿಟ್ಟ: ಎಳೆ ಹಸಿರು, ಕಡಲೆಗಿಡದ ಹಸಿರು, ಬಸ್ಸಿನ ಸೀಟಿನ ಹಸಿರು. ನಾನು ಮಿಶ್ರಣಕ್ಕೆಂದು ಮೂರನ್ನೂ ತಂದೆ. ಗಿಳಿಗೆ ಛಾಯೆ ಬರಲಿ ಎಂಬ ಆಸೆ. ಬಂದದ್ದು ಕಾಮಾಲೆ ಎಂದು ಆಮೇಲೆ ವೈದ್ಯೆಯೇ ಹೇಳಿದಳು.

ಕಲಿಯುವುದು ಮೊಬೈಲಿನ ವಿಡಿಯೋ ನೋಡಿ. ಅದರಲ್ಲಿ ಮುಖವಿಲ್ಲದ ಎರಡು ಕೈಗಳು ಮಿಂಚಿನಂತೆ ಹೊಲಿಯುತ್ತಿದ್ದವು. ನಾನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ನಿಲ್ಲಿಸುವಷ್ಟರಲ್ಲಿ ನನ್ನ ಸೂಜಿಯಿಂದ ದಾರ ಕಳಚಿರುತ್ತಿತ್ತು. ಆಚೆ ಮೂಲೆಯಿಂದ ಅಕ್ಕನ ನಿರ್ದೇಶನ. ಕ್ಯಾನ್ವಾಸಿನ ಕಿಂಡಿಗಳಿಗೆ ಅವಳು 'ಮನಿ' ಎನ್ನುತ್ತಿದ್ದಳು. "ಒಂದ ಮನಿಯಿಂದ ಏಳು, ಮ್ಯಾಲಿನ ಓರೆ ಮನ್ಯಾಗ ಇಳಿ. ನೆಟ್ಟಗ ಇಳೀಬ್ಯಾಡ. ಎಲ್ಲಾ ಹೊಲಿಗಿ ಒಂದ ಕಡೆ ವಾಲಬೇಕು." ಯಾರ ಮನೆಯಿಂದ ಎದ್ದು ಯಾರ ಮನೆಗೆ ಇಳಿದೆನೋ, ಅರ್ಧ ಗಿಳಿ ಪೂರ್ವಕ್ಕೆ ವಾಲಿತು, ಇನ್ನರ್ಧ ಪಶ್ಚಿಮಕ್ಕೆ. ಇದನ್ನು ನಾನು ಅಂತರ್ವಿರೋಧ ಎಂದೆ. ಅಕ್ಕ ಬಿಚ್ಚು ಎಂದಳು. ಸಾಹಿತ್ಯದಲ್ಲಿ ಇಂಥ ಸಂಪಾದಕರು ಇದ್ದಿದ್ದರೆ ನನ್ನಂಥವರ ಎಷ್ಟೋ ಕೃತಿಗಳು ಹುಟ್ಟುತ್ತಲೇ ಇರಲಿಲ್ಲ, ಓದುಗರೂ ಸುಖವಾಗಿರುತ್ತಿದ್ದರು.

ಇನ್ನೊಂದು ತಪ್ಪು: ಮತ್ತೆ ಮತ್ತೆ ದಾರ ಪೋಣಿಸುವ ಕಷ್ಟ ತಪ್ಪಲೆಂದು ಮಾರುದ್ದದ ಎಳೆ ತೆಗೆದುಕೊಂಡೆ. ಆಲಸ್ಯದಿಂದ ಹುಟ್ಟಿದ ಆ ಎಳೆ ತನ್ನನ್ನು ತಾನೇ ಅಪ್ಪಿಕೊಂಡು, ಗಂಟಾಗಿ, ಬಿಡಿಸಿದಷ್ಟೂ ಬಿಗಿಯಿತು. ಆ ಗಂಟಿನ ಸಂಭ್ರಮದಲ್ಲಿ ಸೂಜಿ ಕ್ಯಾನ್ವಾಸನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ಹೋದದ್ದು ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದೆ, ಗಿಳಿಯೂ ಎದ್ದಿತು. ಪಾಯಿಜಾಮದ ಮೊಣಕಾಲಿಗೆ ಅದನ್ನು ಭದ್ರವಾಗಿ ಹೊಲಿದುಕೊಂಡಿದ್ದೆ. ದವಾಖಾನೆಯಿಂದ ಆಗಷ್ಟೇ ಬಂದ ಶೈಲಾ ಚೀಲ ಕೆಳಗಿಟ್ಟು ಮಾಮನ ಕಾಲ ಬಳಿ ಕುಳಿತಳು.

"ಮಾಮಾ, ಒದೀಬ್ಯಾಡ," ಎಂದಳು, ಹೋರಿಗೆ ಹೇಳುವ ಧ್ವನಿಯಲ್ಲಿ. ಕತ್ತರಿಯ ತುದಿಯಿಂದ ಒಂದೊಂದೇ ಎಳೆ ಕಡಿದು ಗಿಳಿಯನ್ನೂ ನನ್ನನ್ನೂ ಬೇರ್ಪಡಿಸಿದಳು. ಬೇರ್ಪಡಿಸುವಾಗ ನಗಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ನಕ್ಕದ್ದು ಪಡಸಾಲೆಯವರೆಗೂ ಕೇಳಿಸಿತು. ತಿರುಗಿ ಬಂದು, "ನನ್ನ ಸಲುವಾಗಿ ಇಷ್ಟ ತ್ರಾಸ ಯಾಕ ತಗೋತಿ?" ಎಂದಳು. ನಿನ್ನ ಸಲುವಾಗಿ ಅಲ್ಲ, ಕಲೆಯ ಸಲುವಾಗಿ ಎಂದೆ. ಅದು ಸುಳ್ಳೋ ನಿಜವೋ ಈಗಲೂ ವಿಂಗಡಿಸಲಾರೆ. ಮನೆಯಲ್ಲಿ ಆಗಲೇ ಸುಳ್ಳಿನ ದಾಸ್ತಾನು ಹೆಚ್ಚಾಗಿತ್ತು.

ಮದುವೆ ಸಮೀಪಿಸಿದಂತೆ ಮನೆಗೆ ಜನ ಬರತೊಡಗಿದರು. ಗುಟ್ಟಾಗಿ ಹೊಲಿಯಲು ಜಾಗವಿಲ್ಲವಾಯಿತು. ಗಿಳಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಕಿತ್ತೂರಿಗೆ ಹೋಗಿ ಕೋಟೆಯ ಮುರಿದ ಗೋಡೆಯ ನೆರಳಿನಲ್ಲಿ ಕುಳಿತೆ. ಅಲ್ಲಿ ಪರಿಚಿತರ ಕಾಟವಿಲ್ಲ, ಇದ್ದವರೆಲ್ಲ ಸೆಲ್ಫಿಯಲ್ಲಿ ಮಗ್ನರು. ಹೊಟ್ಟೆಯ ಭಾಗ ಮುಗಿಸುತ್ತಿರುವಾಗ ಕಾವಲುಗಾರ ಬಂದು ನಿಂತ.

"ಸರ, ಇಲ್ಲಿ ಕುಂತ ಏನ ನಡಸೀರಿ?"

"ಸಂಶೋಧನೆ," ಎಂದೆ. ಮೇಷ್ಟ್ರ ಗತ್ತು ಇನ್ನೂ ಸ್ವಲ್ಪ ಉಳಿದಿತ್ತು.

ಅವನು ಬಗ್ಗಿ ನೋಡಿದ. "ಮೊನ್ನಿ ಒಬ್ಬರು ಬಂದಿದ್ರು, ಸಂಶೋಧನೆ ಅಂತ ಗ್ವಾಡಿ ಅಳತಿ ಮಾಡಕೊಂಡ ಹ್ವಾದ್ರು. ನೀವು ಗಿಳಿ ಹಾಕಾಕತ್ತೀರಿ. ಭಾಳ ಥರದ ಸಂಶೋಧನೆ ಇರತಾವ ಬಿಡ್ರಿ." ಹೋಗುವಾಗ ತಿರುಗಿ ನಿಂತು, "ಬಣ್ಣಾ ಚಲೋ ಐತ್ರಿ, ಬದನಿಕಾಯಿಗೆ ಕೆಂಪ ತೊಟ್ಟ ಯಾಕ?" ಎಂದು ಕೇಳಿದ. ಅದು ಕೊಕ್ಕು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹೇಗೋ ಗಿಳಿ ಪೂರ್ತಿಯಾಯಿತು. ಪೂರ್ತಿ ಎಂದರೆ ಒಂದು ಕಾಲು ಬಿಟ್ಟು. ಕಾಲು ಎಂಬುದು ಬಹಳ ಸೂಕ್ಷ್ಮವಾದ ಅವಯವ. ಮೊದಲನೆಯದನ್ನು ಹಾಕಿ ಬಿಚ್ಚಿ ಹಾಕುವಷ್ಟರಲ್ಲಿ ಕ್ಯಾನ್ವಾಸು ಸವೆದು ಪಾರದರ್ಶಕವಾಗಿತ್ತು. ಗಿಳಿ ಒಂಟಿಗಾಲಲ್ಲಿ ನಿದ್ರಿಸುವುದುಂಟು ಎಂದು ನಾನು ವಾದಿಸಿದೆ. ಅಷ್ಟರಲ್ಲಿ ಇನ್ನೊಂದು ವಿಪತ್ತು ಕಂಡಿತು. ಓರೆ ಹೊಲಿಗೆಗಳೆಲ್ಲ ಒಂದೇ ಕಡೆ ವಾಲಿ ವಾಲಿ ಇಡೀ ಕ್ಯಾನ್ವಾಸನ್ನೇ ಓರೆಗೆ ಎಳೆದಿದ್ದವು. ನಾಲ್ಕು ಮೂಲೆಯ ವಸ್ತು ಗಾಳಿಪಟದಂತೆ ಆಗಿತ್ತು. ಗಿಳಿ ಬಿರುಗಾಳಿಗೆ ಎದುರಾಗಿ ನಿಂತಂತಿತ್ತು.

ಫ್ರೇಮಿನ ಅಂಗಡಿಯ ಇಮಾಮಸಾಬರು ಅದನ್ನು ಮೇಜಿನ ಮೇಲಿಟ್ಟು, ಕಟ್ಟಿಗೆಯ ಮೂಲೆಮಟ್ಟ ಹಚ್ಚಿ ನೋಡಿದರು. "ಸರ, ಫ್ರೇಮ ಚೌಕ ಐತಿ, ನಿಮ್ಮ ಗಿಳಿ ಚೌಕ ಇಲ್ಲ. ಇಬ್ಬರಾಗ ಯಾರರೆ ಒಬ್ಬರು ಸೋಲಬೇಕು." ಸೋತದ್ದು ಗಿಳಿ. ನೀರು ಚಿಮುಕಿಸಿ, ಜಗ್ಗಿ, ಹಲಗೆಗೆ ಮೊಳೆ ಹೊಡೆದು ಅದನ್ನು ನೇರ ಮಾಡಿದರು. ಒಣಗುವುದಕ್ಕೆ ದಿನ ಉಳಿದಿರಲಿಲ್ಲ. "ಹಸಿ ಇದ್ದಾಗ ಕಾಜ ಹಾಕಿದ್ರ ಬೂಷ್ಟ ಹಿಡಿತೈತ್ರಿ. ಲಗ್ನಕ್ಕ ಹಿಂಗ ಒಯ್ರಿ, ಕಾಜ ಆಮ್ಯಾಲ ಹಾಕಿಸಿಕೊಳ್ರಿ," ಎಂದು ಮುಂದೆ ಗಾಜೂ ಹಿಂದೆ ರಟ್ಟೂ ಇಲ್ಲದೆ, ಸುತ್ತ ಕಟ್ಟಿಗೆ ಮಾತ್ರ ಹೊಡೆದುಕೊಟ್ಟರು. ಅಂದರೆ ಗಿಳಿಯ ಬೆನ್ನು ಬಯಲಾಗಿಯೇ ಉಳಿಯಿತು. ಆ ಬೆನ್ನಿನಲ್ಲಿ ನನ್ನ ಸಕಲ ಗಂಟುಗಳೂ ಇದ್ದವು, ಇನ್ನೊಂದು ಕಾಲು ಹಾಕಲೆಂದು ಕೆಂಪು ಉಲನ್ ಪೋಣಿಸಿ ಸಿಕ್ಕಿಸಿ ಮರೆತ ಸೂಜಿಯೂ ಇತ್ತು.

ಮದುವೆಯ ದಿನ ಬೈಲಹೊಂಗಲದ ಮಂಗಲ ಕಾರ್ಯಾಲಯವೊಂದರಲ್ಲಿ ರುಖವತ ಹೂಡಿದೆವು. ಚಕ್ಕುಲಿಯ ಗೋಪುರದ ಹಿಂದೆ, ಆದಷ್ಟು ಕತ್ತಲಲ್ಲಿ, ನಾನು ಗಿಳಿಯನ್ನಿಟ್ಟೆ. ಅಕ್ಕ ಬಂದು ಮುಂದಕ್ಕೆಳೆದು, ಮೇಲೊಂದು ಚೀಟಿ ಅಂಟಿಸಿದಳು: ಚಿ. ಸೌ. ಕಾಂ. ಶೈಲಾ ಇವರ ಕೈಗುಣ. ಮದುಮಗಳು ಆ ದಾರಿಯಾಗಿ ಹೋದ ಮೇಲೆ ಚೀಟಿ ಇರಲಿಲ್ಲ. ಬೀಗಿತ್ತಿಯರು ಬಂದರು. ಎಲ್ಲರಿಗಿಂತ ಮುಂದೆ ನೀಲವ್ವಜ್ಜಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ತೋಳು ಹಿಡಿದುಕೊಂಡ ಶೈಲಾ.

ಅಜ್ಜಿ ಕರ್ಚಿಕಾಯಿಗೆ ಒಂದು ಕ್ಷಣ ಕೊಟ್ಟಳು, ಅಡಿಕೆಯ ದಂಪತಿಗೆ ಅರ್ಧ ಕ್ಷಣ. "ಗಿಳಿ ಎಲ್ಲೈತಿ?"

"ಇಲ್ಲೇ ಐತ್ರಿ," ಎಂದಳು ಅಕ್ಕ.

"ಇದ ಗಿಳಿ ಏನು? ನಾ ಬದನಿಕಾಯಿ ಅನಕೊಂಡಿದ್ದೆ."

"ಬದನಿಕಾಯಿಗೆ ಕಣ್ಣ ಇರತೈತೇನ್ರಿ ಅತ್ತಿ?" ಎಂದು ಹುಡುಗನ ತಾಯಿ ನಕ್ಕಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅಜ್ಜಿ ಮಾತ್ರ ನಗದೆ, ನೇಕಾರರ ಮನೆಯ ಅಭ್ಯಾಸದಂತೆ, ಚೌಕಟ್ಟನ್ನೆತ್ತಿ ಬೆನ್ನು ತಿರುಗಿಸಿದಳು. ನನ್ನ ಬೆನ್ನಿನ ಮೇಲೇ ಯಾರೋ ತಣ್ಣೀರು ಸುರಿದಂತಾಯಿತು.

"ಹಿಂದ ಅಡವಿ ಬೆಳದೈತಲ್ಲವಾ. ಕಾಲರೆ ಒಂದ ಐತಿ, ಇನ್ನೊಂದ ಎಲ್ಲಿ?" ಸೂಜಿ ಅಜ್ಜಿಯ ಬೆರಳಿಗೆ ಸಿಕ್ಕಿತು. "ಸೂಜಿ ಇಲ್ಲೇ ಐತಿ. ಹಾಕ ಯವ್ವಾ ಶೈಲಾ, ನಮ್ಮ ಮುಂದ ಒಂದ ಕಾಲ ಹಾಕ. ನೋಡೂಣು."

ಅಕ್ಕ ನನ್ನ ಮೊಣಕೈ ಹಿಡಿದದ್ದು ನೆನಪಿದೆ. ಅವಳ ಪ್ರಕಾರ ನಾನೇ ಅವಳ ಮೊಣಕೈ ಹಿಡಿದೆ. ಶೈಲಾ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿದಳು. ಸೂಜಿಯನ್ನು ತನ್ನ ದವಾಖಾನೆಯಲ್ಲಿ ಹಿಡಿಯುವಂತೆಯೇ ಹಿಡಿದು, ಯಾರ ಮುಖವನ್ನೂ ನೋಡದೆ ಕೈ ಚಾಚಿ, "ಮಾಮಾ, ಕತ್ರಿ" ಎಂದಳು. ರುಖವತ ಹೂಡಲೆಂದು ತಂದು ಜೇಬಿನಲ್ಲಿಟ್ಟಿದ್ದ ಕತ್ತರಿಯನ್ನು ಕಂಪೌಂಡರನಂತೆ ಕೊಟ್ಟೆ. ಅವಳು ಒಂದು ಹೊಲಿಗೆ ಹಾಕಿ, ಎಳೆಯನ್ನು ಎರಡು ಸುತ್ತು ಸುತ್ತಿ, ಬಿಗಿದು, ಗಂಟು ಹಾಕಿ, ಕಡಿದಳು. ಮತ್ತೊಂದು ಹೊಲಿಗೆ, ಮತ್ತೆ ಗಂಟು, ಮತ್ತೆ ಕಡಿದಳು. ನೋಡುತ್ತಿದ್ದಂತೆ ಗಿಳಿಯ ಹೊಟ್ಟೆಯ ಕೆಳಗೆ ಕೆಂಪು ಗಂಟುಗಳ ಸಾಲೊಂದು ನೆಟ್ಟಗೆ ಇಳಿಯಿತು. ನನ್ನ ಇಡೀ ಗಿಳಿಯಲ್ಲಿ ಜಗ್ಗಿದರೂ ಅಲುಗದ ಅವಯವ ಅದೊಂದೇ.

ಅಜ್ಜಿ ಉಗುರಿನಿಂದ ಕೆರೆದು ನೋಡಿದಳು. "ಇದ ಯಾವ ಹೊಲಿಗಿ? ಹೊಲಿಗಿಗೊಂದು ಗಂಟ?"

"ಆಕಳ ಹೊಟ್ಟಿ ಹೊಲಿಯೂ ಹೊಲಿಗಿರಿ ಅಜ್ಜಿ. ಒಂದ ಬಿಚ್ಚಿದ್ರೂ ಉಳದದ್ದು ಬಿಚ್ಚಬಾರದಲ್ರಿ, ಅದಕ್ಕ ಹಂಗ." ಶೈಲಾ ಸೂಜಿಯನ್ನು ಕೆಳಗಿಟ್ಟಳು. "ನನಗ ಇದೊಂದ ಬರತೈತ್ರಿ. ಗಿಳಿ ನಾ ಹಾಕಿದ್ದಲ್ಲ."

ಆ ಕ್ಷಣದಲ್ಲಿ ಶಹನಾಯಿಯೂ ನಿಂತುಹೋಯಿತೆಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಶಹನಾಯಿಯವರು ಆಗ ಚಹಾ ಕುಡಿಯಲು ಹೋಗಿದ್ದರು, ನಿಲ್ಲಲು ಅಲ್ಲಿ ಏನೂ ನಡೆದಿರಲಿಲ್ಲ ಎಂಬುದು ಅಕ್ಕನ ತಿದ್ದುಪಡಿ. ಹಾಗೆಯೇ, ನಾನು ಒಂದು ಹೆಜ್ಜೆ ಮುಂದಿಟ್ಟು "ಅದು ನಂದರಿ" ಎಂದೆನೆಂದು ನನ್ನ ನೆನಪು ಹೇಳುತ್ತದೆ. ನಾನು ಒಂದು ಹೆಜ್ಜೆ ಹಿಂದಿಟ್ಟು ಊಟದ ಪಂಕ್ತಿಯ ಕಡೆ ನೋಡುತ್ತಿದ್ದೆನೆಂದು ಅಕ್ಕ ಹೇಳುತ್ತಾಳೆ. ಹೆಜ್ಜೆ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿದೆ.

ಅಜ್ಜಿ ಕೇಳಿದ್ದು ಗಿಳಿ ಯಾರದೆಂದಲ್ಲ. "ಯಾರ ಆಕಳ?" ಎಂದಳು.

"ನಮ್ಮ ದವಾಖಾನಿ ಹಳ್ಳ್ಯಾಗಿಂದರಿ. ಕರಾ ಅಡ್ಡ ಸಿಕ್ಕಿತ್ತು. ಹೊಟ್ಟಿ ಕೊಯ್ದ ತಗದೇನ್ರಿ."

"ಬದಕಿತೇನು?"

"ಬದಕೇತ್ರಿ. ಕರಾನೂ ಬದಕೇತಿ."

"ಹಾಲ ಕೊಡತೈತೇನು?"

"ಕೊಡತೈತ್ರಿ."

ಅಜ್ಜಿ ಚೌಕಟ್ಟನ್ನು ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟಳು. "ಹಾಲ ಕೊಡತೈತಿ ಅಂದ ಮ್ಯಾಲ ಹೊಲಿಗಿ ಚಲೋನ ಐತಿ. ಲಗ್ನದ ರಜಾ ಎಲ್ಲಿ ಮಟಾ ಐತಿ ನಿಂದು? ಮುಗದ ಮ್ಯಾಲ ಮೊದಲ ಬಸ್ಸಿಗೆ ಹೋಗಬೇಕು ನೋಡು. ನಾವ ಕಾಯತೇವಿ, ಆಕಳ ಕಾಯಂಗಿಲ್ಲ." ಆಮೇಲೆ ಅಕ್ಕನತ್ತ ತಿರುಗಿ, "ಊಟಕ್ಕ ಎಷ್ಟೊತ್ತ ಮಾಡತೀರಿ?" ಎಂದಳು. ಅಕ್ಕನಿಗೆ ಅಳುವೋ ನಗುವೋ ತಿಳಿಯಲಿಲ್ಲ. ಕಪ್ಪು ಕನ್ನಡಕ ಆ ಹೊತ್ತಿಗೆ ಬಹಳ ಉಪಕಾರ ಮಾಡಿತು.

ನಾನು ಹಳೆಯ ರೀತಿಯ ಕಥೆಗಾರನಾಗಿದ್ದರೆ ಇಲ್ಲಿಗೆ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ: ಸತ್ಯ ಗೆದ್ದಿತು, ನೌಕರಿ ಉಳಿಯಿತು, ಗಿಳಿಗೆ ಕಾಲು ಬಂತು. ಆದರೆ ನಾಗರಪಂಚಮಿಗೆ ಶೈಲಾಳನ್ನು ತವರಿಗೆ ಕರೆತರಲು ನಾನು ರಾಮದುರ್ಗಕ್ಕೆ ಹೋಗಬೇಕಾಯಿತು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ, ಗಾಜು ಹಾಕಿಸಿಕೊಂಡು, ದೇವರ ಪಟಗಳಿಗಿಂತ ಒಂದು ಗೇಣಷ್ಟೇ ಕೆಳಗೆ, ನನ್ನ ಗಿಳಿ. ಅದರ ಕೆಳಗೆ ಅಜ್ಜಿ, ಸುರೇಬಾನದಿಂದ ಬಂದ ಬಳಗದ ಹೆಣ್ಣುಮಗಳೊಬ್ಬಳ ಜೊತೆ ಕುಳಿತಿದ್ದಳು.

"ಬರ್ರಿ, ಬರ್ರಿ ಸರ, ಕುಂದರ್ರಿ," ಎಂದಳು ನನಗೆ. ಆಮೇಲೆ ಆಕೆಯ ಕಡೆ ತಿರುಗಿ, ಕೋಲಿನಿಂದ ಗೋಡೆ ತೋರಿಸಿ, "ನಮ್ಮ ಮೊಮ್ಮಗನ ಹೆಂಡತಿ ಹಾಕಿದ್ದು. ದನದ ಡಾಕ್ಟರಕಿ. ದವಾಖಾನಿ ಮುಗಿಸಿಕೊಂಡ ಬಂದು ಇದನ್ನೂ ಹಾಕತಾಳ. ಕುಂತ್ಲಂದ್ರ ಊಟದ ಖಬರ ಇರಂಗಿಲ್ಲ," ಎಂದಳು.

ಅದು ಅಕ್ಕನ ಸುಳ್ಳು, ಅಕ್ಷರ ಬಿಡದೆ. ಸುರೇಬಾನದಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಬದನೆಕಾಯಿ ಎನ್ನದೆ, "ಉಡದಂಗ ಐತಿ ನೋಡ್ರಿ, ಈಗ ಹಾರತೈತಿ ಅನಸತೈತಿ" ಎಂದಳು. ಗಿಳಿ ಎನ್ನುವಲ್ಲಿ ಉಡ ಎಂದು ಕೇಳಿದ್ದು ನನ್ನ ಕಿವಿಯ ದೋಷವೋ, ಆಕೆಯ ಪ್ರಾಮಾಣಿಕತೆಯೋ ತಿಳಿಯದು. ಇತ್ತ ನನಗೆ ವಿಚಿತ್ರ ಸಂಕಟ. ನನ್ನ ಯಾವ ಕಥೆಯನ್ನೂ ಯಾರೂ ಗೋಡೆಗೆ ಹಾಕಿಲ್ಲ. ಹಾಕಿದ ಒಂದೇ ಕೃತಿಯ ಕೆಳಗೆ ಕುಳಿತು, ಅದರ ಕೀರ್ತಿ ಇನ್ನೊಬ್ಬರಿಗೆ ಸಲ್ಲುವುದನ್ನು ಕೇಳುತ್ತ, ಶೇಂಗಾ ಉಂಡಿ ತಿಂದೆ.

ಸ್ವಲ್ಪ ಹೊತ್ತಿಗೆ ಶೈಲಾ ದವಾಖಾನೆಯಿಂದ ಬಂದಳು. ಬಸ್ಸಿನ ಧೂಳು ಮೈಮೇಲೆ. ಮುಖ ಮಾತ್ರ ಅರಳಿತ್ತು. ನನ್ನನ್ನು ಹಿತ್ತಲಿಗೆ ಕರೆದೊಯ್ದು ತಗ್ಗಿದ ಧ್ವನಿಯಲ್ಲಿ ಜಗಳ ತೆಗೆದಳು.

"ಮಾಮಾ, ನಾ ಎಲ್ಲಾರ ಮುಂದ ಖರೇ ಹೇಳೇನೋ ಇಲ್ಲೋ? ಈಗ ಖರೇ ಹೇಳಿದಾಕಿನ ಸುಳ್ಳಗಾರಳಾಗೇನಿ. ಬಂದವರೆಲ್ಲಾ ನನ್ನ ಕೈ ಹಿಡದ ನೋಡತಾರ."

"ಮತ್ತೊಮ್ಮಿ ಅಜ್ಜಿಗೆ ಹೇಳಬೇಕಿಲ್ಲ?"

"ಹೇಳದ ಬಿಟ್ಟೇನೇನು? ಹೇಳಿದಾಗೆಲ್ಲಾ 'ಹೂಂ, ಗೊತ್ತೈತಿ' ಅಂತಾರ. ಮತ್ತ ಯಾರರೆ ಬಂದ್ರ ಅದನ್ನ ಹೇಳತಾರ. ಈಗ ಕೇಳಿಲ್ಲಿ, ಆ ಸುರೇಬಾನದ ಕಾಕೂ ಮಗಳ ಲಗ್ನ ಐತಿ. ರುಖವತಕ್ಕ ಒಂದ ಜೋಡಿ ಹಂಸ ಬೇಕಂತ. ಅಜ್ಜಿ ಹೂಂ ಅಂದಬಿಟ್ಟಾರ."

"ನೀ ಏನಂದಿ?"

"ನಾ ಏನನ್ಲಿ? ಹಂಸಕ್ಕ ಎರಡೂ ಕಾಲ ನೀನ ಹಾಕಬೇಕು ಅಂತ ಹೇಳಾಕ ನಿನ್ನ ಇಲ್ಲಿ ಕರದೇನಿ." ಹೇಳಿ ನಕ್ಕಳು, ಈ ಸಲ ನನ್ನ ಎದುರಿಗೇ.

ಹೊರಡುವಾಗ ಅಜ್ಜಿ ಒಂದು ಚೀಲ ಕೊಟ್ಟಳು. ಒಳಗೆ ಬಿಳಿ ಉಲನ್, ಹೊಸ ಕ್ಯಾನ್ವಾಸು. "ನಿಮ್ಮ ಮನಿಗೆ ಒಯ್ರಿ," ಎಂದಳು. ಮನೆಯಲ್ಲಿ ಯಾರಿಗೆ ಎಂದು ಹೇಳಲಿಲ್ಲ. ಮುಖವನ್ನು ಸೂಕ್ಷ್ಮವಾಗಿ ನೋಡಿದೆ. ಗಂಟು ಕಾಣದಂತೆ ನೇಯ್ದ ಬಟ್ಟೆಯಂತಿತ್ತು ಅದು.

ಬಸ್ಸಿನಲ್ಲಿ ಶೈಲಾ ಕಿಟಕಿಗೆ ತಲೆಯಾನಿಸಿ ಮಲಗಿದಳು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತರ್ಕಿಸುತ್ತ ಬಂದೆ. ಅಜ್ಜಿಗೆ ಮರೆವು ಎನ್ನೋಣವೆಂದರೆ ಅಕ್ಕನ ಮಾತು ಅಕ್ಷರಶಃ ನೆನಪಿದೆ. ಸತ್ಯ ಕೇಳಿ ನಂಬಲಿಲ್ಲ ಎನ್ನೋಣವೆಂದರೆ, ಕತ್ತರಿ ಕೊಡುವಾಗ, ಸೂಜಿ ಚುಚ್ಚಿ ಚುಚ್ಚಿ ಬಟ್ಟೆ ಸುತ್ತಿದ್ದ ನನ್ನ ಹೆಬ್ಬೆರಳನ್ನು ಆಕೆ ನೋಡಿದ್ದಳು, ಅಥವಾ ನೋಡಿದಳೆಂದು ನನಗೆ ತೋರಿತ್ತು. ಸೊಸೆಯ ನೌಕರಿಯ ಬಗ್ಗೆ ನಾಲಿಗೆ ಹರಿಯಬಿಡುವ ಬಳಗದ ಬಾಯಿಗೆ ಗಿಳಿಯನ್ನು ತುರುಕುತ್ತಿದ್ದಾಳೆಯೇ? ಹಾಗಿದ್ದರೆ ಆಕೆ ನನಗಿಂತ ದೊಡ್ಡ ಕಥೆಗಾರ್ತಿ. ಅಥವಾ ನಮ್ಮೆಲ್ಲರನ್ನೂ ಆಟವಾಡಿಸಿ ಒಳಗೊಳಗೇ ನಗುತ್ತಿದ್ದಾಳೆಯೇ? ಅದೂ ಇರಬಹುದು.

ಅಕ್ಕ ಚೀಲ ಬಿಚ್ಚಿ ನೋಡಿ, ಇದು ತನ್ನನ್ನು ಹಂಗಿಸಲು ಕಳಿಸಿದ್ದೆಂದಳು. ಕಣ್ಣು ಈಗ ಸರಿಯಾಗಿರುವುದರಿಂದ ತಾನೇ ಹಾಕುವುದಾಗಿಯೂ ಹೇಳಿದಳು. ನಾನು ಚೀಲ ಬಿಟ್ಟುಕೊಡಲಿಲ್ಲ. ಮೊದಲ ಹಂಸದ ಕುತ್ತಿಗೆಯವರೆಗೆ ಬಂದಿದ್ದೇನೆ. ಕುತ್ತಿಗೆ ಸ್ವಲ್ಪ ಉದ್ದವಾಗಿದೆ, ಒಂಟೆ ಎನ್ನುವವರು ಎನ್ನಲಿ. ರಾಮದುರ್ಗಕ್ಕೆ ಫೋನು ಮಾಡಿ ಅಜ್ಜಿಯನ್ನೇ ಕೇಳಿಬಿಡಬಹುದಿತ್ತು. ಕೇಳಿಲ್ಲ. ಆ ಗಿಳಿಯನ್ನು ಹಾಕಿದ್ದು ಯಾರೆಂದು ನೀಲವ್ವಜ್ಜಿ ಅಂದುಕೊಂಡಿದ್ದಾಳೋ ನನಗೆ ಗೊತ್ತಿಲ್ಲ.